ಶರಾವತಿ ಕಡಲು ಸೇರುವಲ್ಲಿ: ಹೊನ್ನಾವರ ಮತ್ತು ಸುತ್ತಮುತ್ತ



ಡಿಸೆಂಬರ್, ಜನವರಿ ಬಂತೆಂದರೆ ನಮ್ಮ ಶಾಲಾ ಕಾಲೇಜುಗಳಲ್ಲಿ ಶೈಕ್ಷಣಿಕ ಪ್ರವಾಸದ ಮಾತು ಆರಂಭವಾಗುತ್ತದೆ. ಉತ್ತರ ಕನ್ನಡದ ಕಡೆಗೆ ಹೊರಟವರ ಪಟ್ಟಿ ಸಾಮಾನ್ಯವಾಗಿ ಒಂದೇ ಬಗೆಯದು: ಜೋಗ, ಇಡಗುಂಜಿ, ಮುರ್ಡೇಶ್ವರ, ಗೋಕರ್ಣ. ಈ ನಾಲ್ಕರ ನಡುವೆ ಓಡಾಡುವ ಬಸ್ಸು ಹೊನ್ನಾವರದ ಮೇಲೆಯೇ ಹಾದುಹೋಗುತ್ತದೆ. ಶರಾವತಿಯ ಸೇತುವೆ ಬಂದಾಗ ಎಲ್ಲರೂ ಕಿಟಕಿಯ ಕಡೆಗೆ ವಾಲುತ್ತಾರೆ. ಅಗಲವಾದ ನೀರು, ತೆಂಗಿನ ತೋಟಗಳು, ದೂರದಲ್ಲಿ ಕಡಲು ಕಾಣುತ್ತವೆ. ಸೇತುವೆ ಮುಗಿದ ಕೂಡಲೇ ಅರ್ಧಕ್ಕೆ ನಿಂತಿದ್ದ ಅಂತ್ಯಾಕ್ಷರಿ ಮುಂದುವರಿಯುತ್ತದೆ. ಹೊನ್ನಾವರವನ್ನು ನೋಡಿದ್ದು ಅಷ್ಟೇ.

ಈ ಊರಿನಲ್ಲಿ ಒಂದೆರಡು ದಿನ ಇಳಿದುಕೊಂಡರೆ ಏನೇನು ನೋಡಬಹುದು ಎಂಬುದನ್ನು ಇಂದು ನಿಮಗೆ ಹೇಳಬೇಕೆಂದಿದ್ದೇನೆ. ದೊಡ್ಡ ಗೋಪುರವಾಗಲಿ ಅರಮನೆಯಾಗಲಿ ಊರಿನೊಳಗಿಲ್ಲ. ಇರುವುದು ಒಂದು ಅಳಿವೆ. ನದಿಯು ಸಮುದ್ರವನ್ನು ಸೇರುವ ಬಾಯಿಗೆ ಕರಾವಳಿಯವರು ಅಳಿವೆ ಎನ್ನುತ್ತಾರೆ. ಇಲ್ಲಿನ ಬಂದರು, ಕೋಟೆ, ಕಾಳುಮೆಣಸಿನ ವ್ಯಾಪಾರ, ಮೀನು, ಆಮೆ, ಇಂದಿನ ವಾದ ವಿವಾದಗಳು ಕೂಡ ಹುಟ್ಟಿದ್ದು ಈ ಬಾಯಿಯಿಂದಲೇ. ಅದೊಂದನ್ನು ಅರ್ಥ ಮಾಡಿಕೊಂಡರೆ ಸುತ್ತಲಿನ ಸ್ಥಳಗಳೆಲ್ಲ ಒಂದಕ್ಕೊಂದು ಹೊಂದಿಕೊಳ್ಳುತ್ತವೆ.

ಶರಾವತಿ ಹುಟ್ಟುವುದು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಸುಮಾರು 128 ಕಿಲೋಮೀಟರು ಹರಿದು, ನಡುವೆ ಜೋಗದಲ್ಲಿ 253 ಮೀಟರು ಧುಮುಕಿ, ಹೊನ್ನಾವರದಲ್ಲಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಜೋಗದಲ್ಲಿ ಅಷ್ಟು ಆರ್ಭಟ ಮಾಡಿದ ನದಿ ಕೊನೆಯಲ್ಲಿ ತೀರ ಸಾವಧಾನಿ. ವೇಗ ತಗ್ಗಿದಂತೆ ಹೊತ್ತು ತಂದ ಮಣ್ಣು ಮರಳನ್ನು ಇಳಿಸುತ್ತಾ ಹೋಗುತ್ತದೆ. ಹೀಗೆ ಹೊಳೆಯ ನಡುವೆ, ಹೊಳೆಯ ಬದಿಯಲ್ಲಿ ಎದ್ದ ನೆಲಕ್ಕೆ ಇಲ್ಲಿ ಕುರ್ವೆ ಎನ್ನುತ್ತಾರೆ. ಮಾವಿನಕುರ್ವೆ, ಪಾವಿನಕುರ್ವೆ ಎಂಬ ಊರ ಹೆಸರುಗಳೇ ಭೂಗೋಳದ ಪಾಠ ಹೇಳುತ್ತವೆ. ದಕ್ಷಿಣ ಕನ್ನಡದವರು ಇದನ್ನೇ ಕುದುರು ಎನ್ನುವುದು ನಿಮಗೆ ಗೊತ್ತಿರಬಹುದು. ಅಳಿವೆಯ ಬಾಯಲ್ಲಿ ನದಿಯ ಮರಳಿಗೂ ಕಡಲಿನ ಅಲೆಗೂ ತಿಕ್ಕಾಟ ನಡೆದು ಮರಳಿನ ದಿಣ್ಣೆ ಏಳುತ್ತದೆ. ಅದು ಜಾಗ ಬದಲಿಸುತ್ತಲೇ ಇರುತ್ತದೆ. ಹೊಸಬನ ದೋಣಿ ಅಲ್ಲಿ ತಳ ತಾಗುತ್ತದೆ. ಊರಿನವನ ದೋಣಿ ನುಸುಳಿ ಒಳಗೆ ಬರುತ್ತದೆ. ಹಿಂದಿನ ಕಾಲದ ಬಂದರಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಬೇಕಿರಲಿಲ್ಲ.

ಆದ್ದರಿಂದಲೇ ಹೊನ್ನಾವರದ ಹೆಸರು ದೂರ ದೂರದ ನಾಡುಗಳಿಗೆ ಮುಟ್ಟಿತು. ಮೊರಾಕ್ಕೋ ದೇಶದ ಪ್ರವಾಸಿ ಇಬ್ನ್ ಬತೂತ 1342ರ ಸುಮಾರಿಗೆ ಇಲ್ಲಿಗೆ ಬಂದ. ಅವನು ಈ ಊರನ್ನು ಹಿನೌರ್ ಎಂದು ಕರೆದಿದ್ದಾನೆ. ಇಲ್ಲಿನ ಮುಸ್ಲಿಂ ಸುಲ್ತಾನನ ಅತಿಥಿಯಾಗಿದ್ದು, ಕಂಡದ್ದನ್ನು ವಿವರವಾಗಿ ಹೇಳಿದ್ದಾನೆ. ಅವನ ವರದಿಯಲ್ಲಿ ವಿದ್ಯಾರ್ಥಿಗಳಾದ ನಿಮಗೆ ತಿಳಿಯಲೇಬೇಕಾದ ಒಂದು ಅಂಶವಿದೆ. ಈ ಊರಿನಲ್ಲಿ ಗಂಡುಮಕ್ಕಳಿಗೆ 23 ಶಾಲೆಗಳು, ಹೆಣ್ಣುಮಕ್ಕಳಿಗೆ 13 ಶಾಲೆಗಳು ಇದ್ದವಂತೆ! ಇಲ್ಲಿನ ಹೆಂಗಸರು ಕುರಾನನ್ನು ಬಾಯಿಪಾಠ ಹೇಳಬಲ್ಲವರಾಗಿದ್ದರು ಎಂದೂ, ಇಂಥದನ್ನು ಬೇರೆಲ್ಲಿಯೂ ಕಾಣಲಿಲ್ಲವೆಂದೂ ಅವನು ಹೇಳುತ್ತಾನೆ. ಮೊರಾಕ್ಕೋದಿಂದ ಹೊರಟು ಈಜಿಪ್ಟ್, ಅರೇಬಿಯಾ, ದೆಹಲಿಗಳನ್ನೆಲ್ಲ ನೋಡಿ ಬಂದಿದ್ದ ಮನುಷ್ಯನ ಮಾತು ಇದು ಎಂಬುದನ್ನು ಗಮನಿಸಿ.

ಊಟದ ವರ್ಣನೆಯೂ ಸ್ವಾರಸ್ಯವಾಗಿದೆ. ಅನ್ನ, ತುಪ್ಪ, ಉಪ್ಪಿನಲ್ಲಿ ಹಾಕಿದ ಹಸಿ ಮೆಣಸಿನ ಗೊಂಚಲು, ಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ. ಆಮೇಲೆ ಕೋಳಿ, ಮೀನು, ಪಲ್ಯ, ಪ್ರತಿಯೊಂದಕ್ಕೂ ಮತ್ತೆ ಮತ್ತೆ ಅನ್ನ. ಎಲ್ಲ ಮುಗಿದ ಮೇಲೆ ಮೊಸರು. ಮೊಸರು ಬಂತೆಂದರೆ ಇನ್ನು ಬಡಿಸುವುದೇನೂ ಇಲ್ಲವೆಂದು ತಿಳಿಯಬೇಕು ಎಂದು ಅವನು ವಿವರಿಸುತ್ತಾನೆ. ಏಳು ಶತಮಾನಗಳ ಹಿಂದಿನ ಈ ಕ್ರಮ ನಮ್ಮ ಮನೆಗಳಲ್ಲಿ ಇನ್ನೂ ಬದಲಾಗಿಲ್ಲ. ಇನ್ನೊಮ್ಮೆ ಬಂದಾಗ ಹನ್ನೊಂದು ತಿಂಗಳು ರೊಟ್ಟಿಯ ಮುಖ ಕಾಣದೆ ಬರೀ ಅನ್ನದ ಮೇಲೆ ಇರಬೇಕಾಯಿತಲ್ಲ ಎಂಬ ಕೊರಗು ಮಾತ್ರ ಆ ಪುಣ್ಯಾತ್ಮನಿಗೆ ಉಳಿಯಿತು. ಅವನು ಕಂಡ ಶಾಲೆಗಳ ಗುರುತು ಇಂದು ನೆಲದ ಮೇಲೆ ಇಲ್ಲ. ಆದರೆ ಅರಬ್ ವ್ಯಾಪಾರದೊಂದಿಗೆ ಸಂಬಂಧವಿದ್ದ ನವಾಯತ ಸಮುದಾಯದ ಊರುಗಳು ಶರಾವತಿಯ ದಡದ ಉದ್ದಕ್ಕೂ ಇಂದಿಗೂ ಇವೆ.

ಪೋರ್ಚುಗೀಸರು ಬಂದ ಮೇಲೆ ಕಥೆ ಬೇರೆಯಾಯಿತು. ಅವರ ಬಾಯಲ್ಲಿ ಹೊನ್ನಾವರ ಓನೋರ್ ಆಯಿತು. 1505ರಲ್ಲಿ ವೈಸರಾಯ್ ಅಲ್ಮೇಡಾ ಈ ಬಂದರಿನ ಮೇಲೆ ಬಿದ್ದು ಹಡಗುಗಳನ್ನು ಸುಟ್ಟ. ಇದೇ ಕಡಲಿನ ನಾವಿಕ ನಾಯಕ ತಿಮ್ಮಯ್ಯ, ಪೋರ್ಚುಗೀಸರ ದಾಖಲೆಗಳ ತಿಮೋಜ, 1510ರಲ್ಲಿ ಗೋವಾವನ್ನು ಹಿಡಿಯುವಂತೆ ಅಲ್ಬುಕರ್ಕನನ್ನು ಪ್ರೇರೇಪಿಸಿ ಜೊತೆಗೂಡಿದ. ಗೋವಾದ ಮುಂದಿನ ನಾಲ್ಕೂವರೆ ಶತಮಾನಗಳ ಚರಿತ್ರೆಯಲ್ಲಿ ಹೊನ್ನಾವರದ ಒಬ್ಬ ನಾವಿಕನ ಕೈ ಇದೆ ಎಂದಾಯಿತು. 1783-84ರಲ್ಲಿ ಟಿಪ್ಪುವಿನ ಸೈನ್ಯ ಇಲ್ಲಿನ ಕೋಟೆಯನ್ನು ಮುತ್ತಿದಾಗ ಕ್ಯಾಪ್ಟನ್ ಟೊರಿಯಾನೋ ಎಂಬ ಇಂಗ್ಲಿಷ್ ಅಧಿಕಾರಿ ತಿಂಗಳುಗಟ್ಟಲೆ ಅದನ್ನು ಬಿಡದೆ ಕಾದ. ಇಷ್ಟೆಲ್ಲ ನಡೆದ ಕೋಟೆಯನ್ನು ನೋಡೋಣವೆಂದು ಹೊರಟರೆ ನಿರಾಶೆಯೇ ಸರಿ. ನೋಡುವಂಥದು ಹೆಚ್ಚೇನೂ ಉಳಿದಿಲ್ಲ. ಕೋಟೆ ನೋಡುವ ಹಂಬಲವಿದ್ದವರು ಕಡಲಿನಲ್ಲಿರುವ ಬಸವರಾಜದುರ್ಗಕ್ಕೆ ಹೋಗಬೇಕು. ಅದು ಕೆಳದಿಯ ಅರಸರ ಕಾಲದ ದ್ವೀಪದುರ್ಗ, ತೀರದಿಂದಲೇ ಕಾಣುತ್ತದೆ. ದೋಣಿಯವರು ಕಡಲು ಸರಿಯಿಲ್ಲವೆಂದರೆ ಚೌಕಾಸಿ ಮಾಡದೆ ಹಿಂದಿರುಗಿ. ಈ ವಿಷಯದಲ್ಲಿ ಅವರ ಮಾತೇ ಶಾಸ್ತ್ರ.

ಇಷ್ಟು ಜನ ಈ ಚಿಕ್ಕ ಬಾಯಿಗಾಗಿ ಬಡಿದಾಡಿದ್ದು ಏಕೆ? ಉತ್ತರ ಕಡಲಿನಲ್ಲಿಲ್ಲ, ಹೊಳೆಯ ಮೇಲ್ಭಾಗದಲ್ಲಿದೆ. ಹೊನ್ನಾವರದಿಂದ ಜೋಗದ ಕಡೆಗೆ ಸುಮಾರು 30 ಕಿಲೋಮೀಟರು ಹೋದರೆ ಗೇರುಸೊಪ್ಪೆ ಸಿಗುತ್ತದೆ. ಕಡಲಿನ ದೋಣಿಗಳು ಬರಬಹುದಾದ ಕೊನೆಯ ತಾಣ ಅದು, ಘಟ್ಟದ ಎತ್ತುಗಳು ಇಳಿದು ಬರುವ ಮೊದಲ ತಾಣವೂ ಅದೇ. ಘಟ್ಟದ ಕಾಳುಮೆಣಸು ಇಲ್ಲಿ ದೋಣಿಗೆ ಏರಿ ಅಳಿವೆಗೆ ಬಂದು, ಅಲ್ಲಿಂದ ಹಡಗಿಗೆ ಸೇರುತ್ತಿತ್ತು. 16ನೆಯ ಶತಮಾನದ ಉತ್ತರಾರ್ಧದಲ್ಲಿ ಈ ನಾಡನ್ನು ಆಳಿದವಳು ಜೈನ ರಾಣಿ ಚೆನ್ನಭೈರಾದೇವಿ. ಪೋರ್ಚುಗೀಸರು ಅವಳಿಗೆ ಕೊಟ್ಟ ಹೆಸರು ‘ರೈನಾ ದ ಪಿಮೆಂಟಾ’, ಅಂದರೆ ಕಾಳುಮೆಣಸಿನ ರಾಣಿ. ವ್ಯಾಪಾರಿಯು ತನ್ನ ಎದುರಾಳಿಗೆ ಸುಮ್ಮನೆ ಬಿರುದು ಕೊಡುವುದಿಲ್ಲ. ಬೆಲೆ ಕಟ್ಟುವ ಅಧಿಕಾರ ಅವಳ ಕೈಯಲ್ಲಿತ್ತು ಎಂಬುದಕ್ಕೆ ಆ ಹೆಸರೇ ಸಾಕ್ಷಿ. 1606ರಲ್ಲಿ ಕೆಳದಿಯ ವೆಂಕಟಪ್ಪ ನಾಯಕ ಅವಳನ್ನು ಸೋಲಿಸಿದ.

ಗೇರುಸೊಪ್ಪೆಯ ಬಳಿಯ ನಗರಬಸ್ತಿಕೇರಿಯಲ್ಲಿ ಕಾಡಿನ ನಡುವೆ ಚತುರ್ಮುಖ ಬಸದಿ ಇದೆ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು. ಯಾವ ಬಾಗಿಲಲ್ಲಿ ನಿಂತರೂ ಎದುರಿಗೆ ತೀರ್ಥಂಕರ. 1586ರ ಕಾರ್ಕಳದ ಚತುರ್ಮುಖ ಬಸದಿಯನ್ನು ನೋಡಿದವರಿಗೆ ಈ ವಿನ್ಯಾಸ ಪರಿಚಿತ. ಆದರೆ ಕಾರ್ಕಳದ ಬಸದಿ ಊರಿನ ಮಗ್ಗುಲಲ್ಲಿ ಗುಡ್ಡದ ಮೇಲಿದೆ, ಇದು ನಿರ್ಜನ. ಸುತ್ತಲೂ ಬಿದ್ದ ಕಲ್ಲುಗಳು, ಮರದ ಬೇರುಗಳು, ಒಂದಿಷ್ಟು ಹಕ್ಕಿಗಳ ದನಿ. ನನ್ನನ್ನು ಕೇಳಿದರೆ, ಹೊನ್ನಾವರ ತಾಲ್ಲೂಕಿನಲ್ಲಿ ಒಂದೇ ಒಂದು ಸ್ಥಳ ನೋಡಲು ಸಮಯವಿದ್ದವರು ಇದನ್ನೇ ನೋಡಬೇಕು.

ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆ 1623ರಲ್ಲಿ ಇಲ್ಲಿಗೆ ಬಂದ. ಇಕ್ಕೇರಿಯ ಅರಸನ ಬಳಿಗೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜೊತೆಯಲ್ಲಿ ಅವನು ಹೊನ್ನಾವರದಲ್ಲಿ ಇಳಿದು, ದೋಣಿಯಲ್ಲಿ ಗೇರುಸೊಪ್ಪೆಯವರೆಗೆ ಸಾಗಿದ. ನದಿಯ ಚೆಲುವನ್ನು ಮೆಚ್ಚಿ ಬರೆದ. ಆದರೆ ಗೇರುಸೊಪ್ಪೆ ಆಗಲೇ ಪಾಳು ಬಿದ್ದಿತ್ತು. ಹಿಂದೆ ಒಬ್ಬ ರಾಣಿಯ ರಾಜಧಾನಿಯಾಗಿದ್ದ ಪಟ್ಟಣದ ಮೇಲೆ ಮರಗಳು ಬೆಳೆದಿದ್ದವು. ರಾಣಿ ಸೋತು ಕೇವಲ ಹದಿನೇಳು ವರ್ಷವಾಗಿತ್ತು! ಪಶ್ಚಿಮ ಘಟ್ಟದ ಮಳೆಗೆ ಒಂದು ನಗರವನ್ನು ನುಂಗಲು ಎಷ್ಟು ಕಾಲ ಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ಸಿಗದು. ಘಟ್ಟ ಹತ್ತಿದ ಮೇಲೆ ಒಂದು ಗುಡಿಯ ಜಗುಲಿಯಲ್ಲಿ ಅವನು ನಾಲ್ವರು ಹುಡುಗರನ್ನು ಕಂಡ. ನೆಲದ ಮೇಲೆ ನುಣ್ಣನೆಯ ಮರಳು ಹರಡಿಕೊಂಡು, ರಾಗವಾಗಿ ಹೇಳುತ್ತಾ, ಬೆರಳಿನಿಂದ ಬರೆಯುತ್ತಾ ಅವರು ಲೆಕ್ಕ ಕಲಿಯುತ್ತಿದ್ದರು. ಗುರು ಅಲ್ಲಿರಲಿಲ್ಲ, ಒಬ್ಬರಿಗೊಬ್ಬರು ತಿದ್ದಿಕೊಳ್ಳುತ್ತಿದ್ದರು. ಆ ಉಪಾಯ ಅವನಿಗೆ ಬಹಳ ಹಿಡಿಸಿತು. ಒಬ್ಬನಿಗೆ ಶಾಲೆಗಳ ಎಣಿಕೆ, ಇನ್ನೊಬ್ಬನಿಗೆ ಕಲಿಯುವ ರೀತಿ. ಮುನ್ನೂರು ವರ್ಷಗಳ ಅಂತರದಲ್ಲಿ ಬಂದ ಇಬ್ಬರು ಪರದೇಶಿಗಳ ಕಣ್ಣಿಗೂ ಶರಾವತಿಯ ದಾರಿಯಲ್ಲಿ ಬಿದ್ದದ್ದು ಓದುವ ಮಕ್ಕಳು.

ಗೇರುಸೊಪ್ಪೆಯ ಆಸುಪಾಸಿನ ಕಾಡಿನಲ್ಲಿ ಸಿಂಗಳೀಕಗಳಿವೆ. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ಬಾಲದ ತುದಿಯಲ್ಲಿ ಸಿಂಹದಂತೆ ಕುಚ್ಚು. ಪಶ್ಚಿಮ ಘಟ್ಟವನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲದ ಈ ಪ್ರಾಣಿಗಾಗಿ 2019ರಲ್ಲಿ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯವನ್ನು ಘೋಷಿಸಲಾಯಿತು. ಬಸ್ಸಿನಿಂದ ಚಿಪ್ಸ್ ಎಸೆದು ಅವನ್ನು ರಸ್ತೆಗೆ ಕರೆಯುವವರಿದ್ದಾರೆ. ಮರದ ಮೇಲಿಂದ ಇಳಿಯದೆ ಬದುಕಬಲ್ಲ ಪ್ರಾಣಿಯನ್ನು ವಾಹನದ ಗಾಲಿಯ ಕೆಳಗೆ ತರುವ ಕೆಲಸ ಅದು.

ಇಲ್ಲಿಂದ ಒಂದು ವಿಜ್ಞಾನದ ವಿಷಯಕ್ಕೆ ಬರೋಣ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣವಾಯಿತು. ಶರಾವತಿ ವಿದ್ಯುದಾಗಾರದ 1,035 ಮೆಗಾವಾಟ್, ಗೇರುಸೊಪ್ಪೆಯ ಅಣೆಕಟ್ಟಿನ 240 ಮೆಗಾವಾಟ್, 1948ರಿಂದ ನಡೆದುಬಂದಿರುವ ಜೋಗದ ಮಹಾತ್ಮಾ ಗಾಂಧಿ ವಿದ್ಯುದಾಗಾರ, ಇವೆಲ್ಲ ಈ ಒಂದು ಹೊಳೆಯ ದುಡಿಮೆ. ನಮ್ಮ ನಾಡಿನ ಮನೆಗಳಲ್ಲಿ ಎಷ್ಟು ದೀಪಗಳು ಶರಾವತಿಯಿಂದ ಉರಿದಿವೆಯೋ ಲೆಕ್ಕವಿಲ್ಲ. ಅದರ ಬೆಲೆಯನ್ನು ಕೊಟ್ಟವರಲ್ಲಿ ಅಳಿವೆಯೂ ಒಂದು. ಹೇಗೆ ಎಂದು ಕೇಳುವಿರಾ? ಅಳಿವೆಯ ನೀರು ಸಿಹಿಯೂ ಅಲ್ಲ, ಉಪ್ಪೂ ಅಲ್ಲ. ಮಳೆಗಾಲದಲ್ಲಿ ಹೊಳೆಯ ಕೈ ಮೇಲು. ಬೇಸಿಗೆಯಲ್ಲಿ ಹೊಳೆ ಸೊರಗಿ ಕಡಲಿನ ಉಪ್ಪುನೀರು ಒಳನಾಡಿನವರೆಗೆ ಏರಿ ಬರುತ್ತದೆ. ಈ ಏರಿಳಿತಕ್ಕೆ ಒಗ್ಗಿದ ಮೀನು, ಸಿಗಡಿ, ಚಿಪ್ಪುಜೀವಿಗಳು ಅಲ್ಲಿ ವಾಸಿಸುತ್ತವೆ. ವಿದ್ಯುತ್ತಿಗಾಗಿ ಬೇಸಿಗೆಯಲ್ಲಿಯೂ ಒಂದೇ ಸಮನೆ ಸಿಹಿನೀರು ಬಿಡತೊಡಗಿದ ಮೇಲೆ ಶರಾವತಿಯ ಅಳಿವೆಯಲ್ಲಿ ಉಪ್ಪಿನ ಅಂಶ ಇಳಿಯಿತು. ಚಿಪ್ಪುಜೀವಿಗಳು ಕಡಿಮೆಯಾದವು, ಮೀನಿನ ಜಾತಿಗಳೂ ಕಡಿಮೆಯಾದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಇದನ್ನು ಅಧ್ಯಯನ ಮಾಡಿ ಬರೆದಿದ್ದಾರೆ.

ಹೋಲಿಕೆಗೆ ಇನ್ನೊಂದು ಹೊಳೆ ಹತ್ತಿರದಲ್ಲೇ ಇದೆ. ಉತ್ತರಕ್ಕೆ ಕುಮಟಾ ದಾಟಿ ಹೋದರೆ ಅಘನಾಶಿನಿ. ಅದಕ್ಕೆ ದೊಡ್ಡ ಅಣೆಕಟ್ಟು ಇಲ್ಲ. ಇಳಿತದ ಸಮಯದಲ್ಲಿ ಅಲ್ಲಿ ನಿಂತು ನೋಡಿ: ನೂರಾರು ಜನ ಸೊಂಟದ ನೀರಿನಲ್ಲಿ ಬಗ್ಗಿ ಬಳಚು ಹೆಕ್ಕುತ್ತಿರುತ್ತಾರೆ. ದಡದ ಗಜನಿ ಭೂಮಿಯಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಿತ್ತು, ಕೆಲವೆಡೆ ಈಗಲೂ ಬೆಳೆಯುತ್ತದೆ. ಉಪ್ಪುನೀರನ್ನೂ ನೆರೆಯನ್ನೂ ತಾಳಿಕೊಳ್ಳುವ ತಳಿ ಅದು. ಸಿಗಡಿ ಕೃಷಿ ಬಂದ ಮೇಲೆ ಅದರ ಗದ್ದೆಗಳು ಬಹಳ ಕಡಿಮೆಯಾದವು. 2024ರ ಜನವರಿಯಲ್ಲಿ ಈ ಅಳಿವೆಗೆ ಅಂತರರಾಷ್ಟ್ರೀಯ ಮಹತ್ತ್ವದ ಜೌಗುಭೂಮಿಯೆಂಬ ರಾಮ್ಸಾರ್ ಮನ್ನಣೆ ದೊರೆಯಿತು. ವಿಸ್ತೀರ್ಣ 4,801 ಹೆಕ್ಟೇರು. ಇದರ ದಡದಲ್ಲಿಯೇ ಮಿರ್ಜಾನ್ ಕೋಟೆ ಇದೆ. ಜಂಬಿಟ್ಟಿಗೆಯ ಗೋಡೆ, ಕಂದಕ, ಬಾವಿಗಳು, ಮಳೆಗಾಲ ಕಳೆದ ಹೊಸತರಲ್ಲಿ ಗೋಡೆಯ ಮೇಲೆಲ್ಲ ಹಸಿರು ಹಾವಸೆ. ಚೆನ್ನಭೈರಾದೇವಿಯ ಹೆಸರು ಈ ಕೋಟೆಗೂ ಅಂಟಿಕೊಂಡಿದೆ. ಉತ್ಖನನದಲ್ಲಿ ಇಲ್ಲಿ ಚೀನಾದ ಪಿಂಗಾಣಿಯ ಚೂರುಗಳು ದೊರೆತಿವೆ. ಮೆಣಸು ಹೋದ ಹಡಗುಗಳು ಬರಿಗೈಯಲ್ಲಿ ಬರುತ್ತಿರಲಿಲ್ಲ ಎಂದಾಯಿತು. ಒಂದೇ ದಿನದಲ್ಲಿ ಎರಡೂ ಅಳಿವೆಗಳನ್ನು ನೋಡಿ, ಪ್ರತಿಯೊಂದರ ನೀರಿನ ಒಂದು ಹನಿಯನ್ನು ನಾಲಿಗೆಯ ತುದಿಗೆ ತಾಗಿಸಿದರೆ, ಜೀವಶಾಸ್ತ್ರದ ಒಂದು ಅಧ್ಯಾಯವೇ ತಿಳಿದ ಹಾಗೆ.

ಈಗ ಮರಳಿ ಹೊನ್ನಾವರಕ್ಕೆ ಬಂದು ಸೇತುವೆ ದಾಟಿ ದಕ್ಷಿಣಕ್ಕೆ ಹೋಗೋಣ. ದಾಟುವಾಗ ಪಕ್ಕದ ರೈಲು ಸೇತುವೆಯನ್ನು ಗಮನಿಸಿ. ಸುಮಾರು 2,066 ಮೀಟರು ಉದ್ದದ ಇದು ಕೊಂಕಣ ರೈಲ್ವೆಯ ಅತ್ಯಂತ ಉದ್ದದ ಸೇತುವೆ. ಈ ಮಾರ್ಗ ಪೂರ್ತಿಯಾಗಿ ತೆರೆದದ್ದು 1998ರ ಜನವರಿ 26ರಂದು. ನಾಲ್ಕು ಹೆಜ್ಜೆ ಮುಂದೆ ಕಾಸರಕೋಡಿನಲ್ಲಿ, ಕಾಂಡ್ಲಾ ಗಿಡಗಳ ನಡುವೆ ಮರದ ಹಲಗೆಯ ಕಾಲುದಾರಿ ಮಾಡಿದ್ದಾರೆ. ಬೇರುಗಳು ಕೆಸರಿನಿಂದ ಮೇಲಕ್ಕೆ ಎದ್ದು ಉಸಿರಾಡುವುದನ್ನು ಪುಸ್ತಕದ ಚಿತ್ರದಲ್ಲಿ ನೋಡಿದವರು ಇಲ್ಲಿ ಕಣ್ಣಾರೆ ನೋಡಬಹುದು. ಮುಂದೆ ಅಪ್ಸರಕೊಂಡ, ಕಡಲಿಗೆ ಕೂಗಳತೆಯಲ್ಲಿ ಒಂದು ಚಿಕ್ಕ ಜಲಪಾತ, ಪಾಂಡವರ ಹೆಸರು ಹೊತ್ತ ಗುಹೆಗಳು, ಗುಡ್ಡದ ಮೇಲಿನಿಂದ ಉದ್ದಾನುದ್ದ ಕಡಲತೀರದ ನೋಟ. ಜೋಗ ನೋಡಿ ಬಂದವರು ನಗಬಾರದು.

ಇಡಗುಂಜಿಯ ದ್ವಿಭುಜ ಗಣಪತಿಯನ್ನು ನೀವು ಹೇಗೂ ನೋಡುತ್ತೀರಿ. ಆ ದೇವರ ಹೆಸರಿನ ಯಕ್ಷಗಾನ ಮೇಳವನ್ನು ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದರು. ಮಗ ಶಂಭು ಹೆಗಡೆಯವರು ಬಡಗುತಿಟ್ಟಿಗೆ ಶಿಸ್ತಿನ ತರಬೇತಿಯ ಚೌಕಟ್ಟು ಕೊಟ್ಟವರು. 2009ರ ಫೆಬ್ರುವರಿಯಲ್ಲಿ ಇಡಗುಂಜಿಯಲ್ಲಿಯೇ ಪಾತ್ರ ಮಾಡುತ್ತಿದ್ದಾಗ ಕುಸಿದು, ನಿಧನರಾದರು. 2012ರಲ್ಲಿ ಪದ್ಮಶ್ರೀ ಪಡೆದ, 2017ರಲ್ಲಿ ತೀರಿಕೊಂಡ ಚಿಟ್ಟಾಣಿ ರಾಮಚಂದ್ರ ಹೆಗಡೆಯವರೂ ಇದೇ ತಾಲ್ಲೂಕಿನವರು. ಚಳಿಗಾಲದ ರಾತ್ರಿ ಹತ್ತಿರದಲ್ಲೆಲ್ಲಾದರೂ ಆಟವಿದ್ದರೆ ವಸತಿಗೃಹದ ದೂರದರ್ಶನವನ್ನು ಆರಿಸಿ ಹೋಗಿಬನ್ನಿ. ದೂರದರ್ಶನದ ಭಾಷಣಕಾರನೇ ಹೀಗೆ ಹೇಳಬಹುದೇ ಎಂದು ಕೇಳಬೇಡಿ. ಮುರ್ಡೇಶ್ವರದ ವಿಷಯವನ್ನು ನಾನು ಹೇಳುವ ಅಗತ್ಯವಿಲ್ಲ.

ಸಂಜೆಗೆ ಕಾಸರಕೋಡಿಗೆ ಹಿಂದಿರುಗಿ. ಇಲ್ಲಿನ ಕಡಲತೀರದ ಒಂದು ಭಾಗಕ್ಕೆ 2020ರಲ್ಲಿ ನೀಲಿ ಬಾವುಟದ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿತು. ನೀರಿನ ಸ್ವಚ್ಛತೆ, ಸುರಕ್ಷತೆ, ಶೌಚಾಲಯ ಮುಂತಾದವನ್ನು ಪರೀಕ್ಷಿಸಿ ಕೊಡುವ ಬಾವುಟ ಅದು. ಸ್ಥಳ ಚೊಕ್ಕಟವಾಗಿದೆ. ಆದರೆ ಅಲ್ಲಿಗೇ ನಿಲ್ಲಬೇಡಿ. ಉತ್ತರಕ್ಕೆ ಅಳಿವೆಯ ತುದಿಯಾದ ಟೊಂಕದವರೆಗೆ ನಡೆಯಿರಿ. ಹೊಳೆಗೂ ಕಡಲಿಗೂ ನಡುವೆ ಚಾಚಿದ ಮರಳಿನ ನಾಲಿಗೆ ಅದು. ಅಲ್ಲಿ ಮೀನುಗಾರರ ಮನೆಗಳು, ಮೇಲಕ್ಕೆಳೆದ ದೋಣಿಗಳು, ಮರಳಿನ ಮೇಲೆ ಹರಡಿದ ಮೀನು ಒಣಗಿಸುವ ಹೆಂಗಸರು ಇದ್ದಾರೆ. ವಾಸನೆ ಇದೆ, ನಿಜ. ಮೂಗು ಮುಚ್ಚಿಕೊಳ್ಳುವವರು ಅದು ಒಂದು ಮನೆಯ ಅಡುಗೆಕೋಣೆಯ ವಾಸನೆ ಎಂದು ತಿಳಿದರೆ ಸಾಕು.

ಇದೇ ಮರಳಿಗೆ ಚಳಿಗಾಲದಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ರಾತ್ರಿ ತೆವಳುತ್ತಾ ಬಂದು, ಹಿಂಗಾಲಿನಿಂದ ಗುಂಡಿ ತೋಡಿ, ನೂರರಷ್ಟು ಮೊಟ್ಟೆಯಿಟ್ಟು, ಮುಚ್ಚಿ ಹೋಗುತ್ತವೆ. ಒಂದೂವರೆ ಎರಡು ತಿಂಗಳಿಗೆ ಮರಿಗಳು ಹೊರಬರುತ್ತವೆ. ಮರಿ ಹೆಣ್ಣೋ ಗಂಡೋ ಎಂಬುದನ್ನು ನಿರ್ಧರಿಸುವುದು ಮರಳಿನ ಉಷ್ಣತೆ. ಹೆಚ್ಚು ಬಿಸಿಯಾದರೆ ಹೆಣ್ಣು. ಕಡಲಿನ ಮೇಲಿನ ಬೆಳಕನ್ನು ನೋಡಿ ಮರಿಗಳು ದಾರಿ ಹಿಡಿಯುವುದರಿಂದ, ದಡದಲ್ಲಿ ದೀಪ ಉರಿದರೆ ಅತ್ತ ತಿರುಗಿ ಸಾಯುತ್ತವೆ. ಆದ್ದರಿಂದ ಅಲ್ಲಿ ಟಾರ್ಚು, ಮೊಬೈಲಿನ ದೀಪ ಬೇಡ. ಗೂಡಿಗೆ ಬಲೆ ಕಟ್ಟಿ ಕಾಯ್ದಿದ್ದರೆ ದೂರದಿಂದ ನೋಡಿ.

ಟೊಂಕದಲ್ಲಿ ಖಾಸಗಿಯವರು ಕಟ್ಟುವ ವಾಣಿಜ್ಯ ಬಂದರಿನ ಯೋಜನೆಯೊಂದಿದೆ. ಬಂದರಿನಿಂದ ಉದ್ಯೋಗ, ವ್ಯಾಪಾರ ಬರುತ್ತದೆ ಎಂದು ಅದರ ಪರವಾಗಿರುವವರು ಹೇಳುತ್ತಾರೆ. ಹೊನ್ನಾವರ ಮೊದಲಿನಿಂದಲೂ ಬಂದರೇ ಅಲ್ಲವೇ ಎಂಬ ಮಾತಿನಲ್ಲಿಯೂ ಸತ್ಯವಿದೆ. ಮನೆ ಹೋಗುತ್ತದೆ, ದೋಣಿ ಎಳೆಯುವ, ಮೀನು ಒಣಗಿಸುವ ನೆಲ ಹೋಗುತ್ತದೆ, ಆಮೆಯ ಗೂಡು ಹೋಗುತ್ತದೆ ಎಂಬುದು ಮೀನುಗಾರರ ವಾದ. ತೀರದ ಮೇಲೆ ರಸ್ತೆ ಮಾಡುವುದನ್ನು ವಿರೋಧಿಸಿ ಅವರು 2022ರಲ್ಲಿಯೂ 2024ರಲ್ಲಿಯೂ ಪ್ರತಿಭಟಿಸಿದರು. ವಿಷಯ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಹಿಂದಿನ ಬಂದರು ಅಳಿವೆ ಇದ್ದ ಹಾಗೆಯೇ ಅದರೊಳಗೆ ನುಸುಳಿ ಬಂದದ್ದು. ಈಗಿನ ಹಡಗಿಗೆ ಅಳಿವೆಯನ್ನೇ ಅಗೆದು ಆಳ ಮಾಡಬೇಕಾಗುತ್ತದೆ. ಎರಡಕ್ಕೂ ಇರುವ ಈ ವ್ಯತ್ಯಾಸ ನನಗಂತೂ ಸಣ್ಣದಾಗಿ ಕಾಣುವುದಿಲ್ಲ. ನೀವು ಅಲ್ಲಿಗೆ ಹೋದಾಗ ಮೀನು ಒಣಗಿಸುವವರ ಜೊತೆಗೂ, ಪೇಟೆಯ ಅಂಗಡಿಯವರ ಜೊತೆಗೂ ಈ ಬಗ್ಗೆ ಮಾತಾಡಿ ನೋಡಿ. ಪ್ರವಾಸದ ವರದಿಗೆ ಬೇಕಾದಷ್ಟು ಸಿಗುತ್ತದೆ.

ಇನ್ನು ಹೋಗುವ ಕಾಲ. ನವೆಂಬರಿನಿಂದ ಫೆಬ್ರುವರಿಯವರೆಗೆ ಅನುಕೂಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆಗ ಕಡಲಿಗೆ ಇಳಿಯುವ ಮಾತೇ ಇಲ್ಲ. ಉಬ್ಬರ ಇಳಿತದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ. ಹಿಂದಿನ ದಿನ ದಡದಲ್ಲಿ ಗುರುತು ಮಾಡಿಕೊಂಡರೆ ಮರುದಿನ ಅಘನಾಶಿನಿಯಲ್ಲಿ ಬಳಚು ಹೆಕ್ಕುವವರನ್ನು ಕಾಣಲು ಎಷ್ಟು ಗಂಟೆಗೆ ಹೊರಡಬೇಕೆಂದು ನೀವೇ ಲೆಕ್ಕ ಹಾಕಬಹುದು.